ಕರಾವಳಿಯ ಧಗೆಯೂ ಕೊಟ್ಟಿಗೆಯ ಹಸುವೂ

ಕಲಬುರ್ಗಿಯಿಂದಲೋ ರಾಯಚೂರಿನಿಂದಲೋ ಉದ್ಯೋಗ ನಿಮಿತ್ತವಾಗಿ ಬಂದು ಕೊಚ್ಚಿಯಲ್ಲಿ ನೆಲಸಿದ ಕನ್ನಡಿಗನಿಗೆ ಇಲ್ಲಿನ ಬೇಸಗೆಯ ವಿಷಯದಲ್ಲಿ ಮೊದಮೊದಲು ಒಂದು ಬಗೆಯ ತಾತ್ಸಾರವಿರುವುದು ಸಹಜ. ತವರಿನಲ್ಲಿ ಏಪ್ರಿಲ್ ತಿಂಗಳೆಂದರೆ 40 ಡಿಗ್ರಿ. ಇಲ್ಲಿಯ ಪತ್ರಿಕೆಯಲ್ಲಿ ಅಚ್ಚಾಗುವುದು 33 ಅಥವಾ 34. ಇಷ್ಟಕ್ಕೆ ಬಿಸಿಲೆಂದು ಹೆಸರೆ ಎಂದು ಆತನು ನಗುತ್ತಾನೆ. ಎರಡು ವಾರ ಕಳೆಯುವಷ್ಟರಲ್ಲಿ ನಗು ಅಡಗುತ್ತದೆ. ಮೈಯ ಬೆವರು ಆರುವುದಿಲ್ಲ, ರಾತ್ರಿಯ ನಿದ್ರೆ ಹತ್ತುವುದಿಲ್ಲ, ಸ್ನಾನ ಮಾಡಿ ಹೊರಬಂದ ಕೂಡಲೇ ಅಂಗಿ ಬೆನ್ನಿಗೆ ಅಂಟುತ್ತದೆ. ಆದರೂ ಆತನಿಗೆ ಬೀಸಣಿಗೆಯುಂಟು, ಶೀತಕ ಯಂತ್ರವುಂಟು, ಇಲ್ಲವೇ ರಜೆಯಲ್ಲಿ ಮಡಿಕೇರಿಗೋ ಮೂನ್ನಾರಿಗೋ ಹೋಗುವ ಸಾಧ್ಯತೆಯಾದರೂ ಉಂಟು. ಆತನ ಬೆಳಗಿನ ಕಾಫಿಗೆ ಹಾಲನ್ನೊದಗಿಸುವ ಹಸುವಿಗೆ ಇವುಗಳಲ್ಲಿ ಯಾವುದೂ ಇಲ್ಲ. ಅದು ತೆಂಗಿನ ಬುಡದಲ್ಲಿ, ಎರಡು ಮಾರು ಹಗ್ಗದ ತುದಿಯಲ್ಲಿ ನಿಂತಿರುತ್ತದೆ. ಹೊತ್ತು ಏರಿದಂತೆ ತೆಂಗಿನ ನೆರಳು ಸರಿಯುತ್ತದೆ, ಹಗ್ಗ ಸರಿಯುವುದಿಲ್ಲ.

ಉಷ್ಣಮಾಪಕವು ತೋರಿಸುವ ಅಂಕೆಯೊಂದರಿಂದಲೇ ಹಸುವಿನ ಸಂಕಟವನ್ನು ಅಳೆಯಲಾಗದೆಂಬುದನ್ನು ಪಶುವಿಜ್ಞಾನಿಗಳು ಬಹುಕಾಲದ ಹಿಂದೆಯೇ ಮನಗಂಡರು. ಗಾಳಿಯ ಬಿಸಿಯನ್ನೂ ಅದರಲ್ಲಿರುವ ತೇವವನ್ನೂ ಕೂಡಿಸಿ ಲೆಕ್ಕ ಹಾಕುವ ಒಂದು ಸೂಚ್ಯಂಕವನ್ನು ಅವರು ಬಳಸುತ್ತಾರೆ. ಈ ಸೂಚ್ಯಂಕ 72ನ್ನು ದಾಟಿದರೆ ವಿಲಾಯಿತಿ ತಳಿಯ ಕರಾವಿಗೆ ಕಷ್ಟ ಆರಂಭವಾಯಿತೆಂದು ಹಿಂದಿನಿಂದಲೂ ಎಣಿಕೆ. ಹೆಚ್ಚು ಹಾಲು ಕೊಡುವ ಹಸುವಿಗೆ 68ರಲ್ಲಿಯೇ ಕಷ್ಟ ತೊಡಗುವುದೆಂದು ಈಚಿನ ಸಂಶೋಧಕರ ಮತ. ಬಹುಬಳಕೆಯ ಸೂತ್ರವೊಂದರಂತೆ ಲೆಕ್ಕ ಮಾಡಿ ನೋಡಿದರೆ ಅಚ್ಚರಿಯ ಸಂಗತಿ ಹೊರಬೀಳುತ್ತದೆ. ಕಲಬುರ್ಗಿಯ ಮಧ್ಯಾಹ್ನದಲ್ಲಿ 40 ಡಿಗ್ರಿ ಬಿಸಿಯೂ ಶೇಕಡಾ 20ರಷ್ಟು ತೇವಾಂಶವೂ ಇದ್ದರೆ ಸೂಚ್ಯಂಕ ಸುಮಾರು 84. ಕೊಚ್ಚಿಯಲ್ಲಿ ಕೇವಲ 33 ಡಿಗ್ರಿ ಬಿಸಿಯಿದ್ದು ತೇವಾಂಶ ಶೇಕಡಾ 70 ಇದ್ದರೆ ಸೂಚ್ಯಂಕ 86ರ ಸಮೀಪಕ್ಕೆ ಹೋಗುತ್ತದೆ. ರಾತ್ರಿಯ ಲೆಕ್ಕ ಇನ್ನೂ ಕಠಿನ. ಮೈಸೂರಿನಲ್ಲಿ 33 ಡಿಗ್ರಿಯ ಒಣ ಮಧ್ಯಾಹ್ನವೊಂದು ಹಸುವಿಗೆ ಎಷ್ಟು ಭಾರವೋ, 27 ಡಿಗ್ರಿಯ ತೇವಭರಿತ ನಡುರಾತ್ರಿಯೊಂದು ಕೊಚ್ಚಿಯ ಹಸುವಿಗೆ ಹೆಚ್ಚುಕಡಮೆ ಅಷ್ಟೇ ಭಾರ. ಮೈಸೂರಿನ ಹಸು ಹಗಲು ಸಂಗ್ರಹಿಸಿದ ಬಿಸಿಯನ್ನು ರಾತ್ರಿಯ ತಂಪಿನಲ್ಲಿ ಹೊರಚೆಲ್ಲಿ ಮರುದಿನಕ್ಕೆ ಸಿದ್ಧವಾಗುತ್ತದೆ. ಕೊಚ್ಚಿಯ ಹಸುವಾದರೋ ನಿನ್ನೆಯ ಬಾಕಿಯನ್ನು ಹೊತ್ತುಕೊಂಡೇ ಇಂದಿನ ಬಿಸಿಲಿಗೆ ಮೈಯೊಡ್ಡಬೇಕು.

ಇದಕ್ಕೆ ಕಾರಣವೇನೆಂಬುದನ್ನು ತಿಳಿಯಲು ಗೋವಿನ ಶರೀರವ್ಯಾಪಾರವನ್ನು ಸ್ವಲ್ಪಮಟ್ಟಿಗೆ ಅರಿಯುವುದು ಅವಶ್ಯ. ಆರೋಗ್ಯವಂತ ಹಸುವಿನ ಮೈಬಿಸಿ ಸುಮಾರು 38.5 ಡಿಗ್ರಿ, ಮನುಷ್ಯನ ಮೈಬಿಸಿಗಿಂತ ತುಸು ಹೆಚ್ಚು. ಈ ಬಿಸಿಯು ಹೊರಗಿನಿಂದ ಮಾತ್ರ ಬರುವುದಲ್ಲ. ಹಸುವಿನ ಹೊಟ್ಟೆಯೇ ಒಂದು ಒಲೆ. ಅದರ ದೊಡ್ಡ ಹೊಟ್ಟೆಯಲ್ಲಿ ಒಣಹುಲ್ಲೂ ಹಿಂಡಿಯೂ ಅಸಂಖ್ಯ ಸೂಕ್ಷ್ಮಜೀವಿಗಳಿಂದ ಹುದುಗುತ್ತಿರುತ್ತವೆ. ಆ ಹುದುಗುವಿಕೆಯಿಂದ ಹಗಲಿರುಳೂ ಶಾಖ ಹುಟ್ಟುತ್ತಿರುತ್ತದೆ. ಹುಲ್ಲು ಒರಟಾದಷ್ಟೂ ಶಾಖ ಹೆಚ್ಚು. ಅದರ ಮೇಲೆ ಕೆಚ್ಚಲಿನಲ್ಲಿ ಹಾಲು ತಯಾರಾಗುವಾಗ ಹುಟ್ಟುವ ಶಾಖ ಬೇರೆ. ದಿನಕ್ಕೆ ಎರಡು ಲೀಟರ್ ಕೊಡುವ ಗಿಡ್ಡ ಹಸುವಿಗಿಂತ ಹದಿನೈದು ಲೀಟರ್ ಕೊಡುವ ಮಿಶ್ರತಳಿಯ ಹಸುವು ಒಳಗೆ ಹೆಚ್ಚು ಬೇಯುತ್ತಿರುತ್ತದೆ. ಹೆಚ್ಚು ಹಾಲು ಬಯಸುವವರು ಹೆಚ್ಚು ಬೆಂಕಿಯನ್ನೂ ಸಾಕುತ್ತಿದ್ದಾರೆಂದೇ ಅರ್ಥ.

ಈ ಶಾಖವನ್ನು ಹೊರಹಾಕಲು ಹಸುವಿಗಿರುವ ದಾರಿಗಳು ಕೆಲವೇ. ಗಾಳಿಯು ಮೈಗಿಂತ ತಂಪಾಗಿದ್ದರೆ ಚರ್ಮದ ಮೂಲಕ ಬಿಸಿ ತಾನಾಗಿ ಹೊರಹೋಗುತ್ತದೆ. ಗಾಳಿಯ ಬಿಸಿ ಏರುತ್ತ ಬಂದಂತೆ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಬೆವರು ಮತ್ತು ಏದುಸಿರು. ಹಸುವು ಬೆವರುವುದು ಮನುಷ್ಯನಿಗಿಂತ ಎಷ್ಟೋ ಪಾಲು ಕಡಮೆ. ಎಮ್ಮೆಯದು ಇನ್ನೂ ಕಡಮೆ. ಕಪ್ಪು ಮೈ, ವಿರಳವಾದ ಬೆವರುಗ್ರಂಥಿಗಳು, ಆದುದರಿಂದಲೇ ಅದು ಕೆರೆಯ ಕೆಸರನ್ನು ಬಿಟ್ಟು ಏಳಲೊಲ್ಲದು. ಬೆವರಾಗಲಿ ಉಸಿರಿನ ತೇವವಾಗಲಿ ಆವಿಯಾಗಿ ಹೋದರೆ ಮಾತ್ರ ಮೈ ತಂಪಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆದರೆ ಮೊದಲೇ ನೀರಿನಿಂದ ತುಂಬಿದ ಕರಾವಳಿಯ ಗಾಳಿ ಇನ್ನಷ್ಟು ನೀರನ್ನು ಹೊರಲು ಹಿಂಜರಿಯುತ್ತದೆ. ಒಣಸೀಮೆಯ ಹಸುವನ್ನು ಕಾಪಾಡುವ ಈ ಉಪಾಯವು ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಅರ್ಧಕ್ಕೇ ನಿಲ್ಲುವುದು ಹೀಗೆ.

ಆಗ ಹಸು ತನಗೆ ತಿಳಿದ ಉಪಾಯಗಳನ್ನೆಲ್ಲ ಹೂಡುತ್ತದೆ. ಮಲಗುವುದನ್ನು ಬಿಟ್ಟು ನಿಂತೇ ಇರುತ್ತದೆ, ಮೈಯ ಎಲ್ಲ ಕಡೆಗೂ ಗಾಳಿ ತಾಗಲೆಂದು. ಮೇವನ್ನು ಕಡಮೆ ಮಾಡುತ್ತದೆ, ಹೊಟ್ಟೆಯ ಒಲೆ ಆರಲೆಂದು. ನೀರಿನ ಬಾನಿಯ ಬಳಿಯಿಂದ ಕದಲುವುದಿಲ್ಲ. ಉಸಿರಾಟ ನಿಮಿಷಕ್ಕೆ 80ನ್ನು ದಾಟುತ್ತದೆ. ಇನ್ನೂ ಹೆಚ್ಚಾದರೆ ಬಾಯಿ ತೆರೆದು ನಾಲಗೆ ಚಾಚಿ ಏದುತ್ತದೆ, ಜೊಲ್ಲು ಧಾರೆಯಾಗಿ ಸುರಿಯುತ್ತದೆ. ಈ ಜೊಲ್ಲಿನ ನಷ್ಟ ಸಾಮಾನ್ಯವಾದುದಲ್ಲ. ಹೊಟ್ಟೆಯ ಹುಳಿಯನ್ನು ಹದದಲ್ಲಿಡುವ ಕ್ಷಾರ ಅದರಲ್ಲಿದೆ. ಹಸು ಅದನ್ನು ನುಂಗುವ ಬದಲು ನೆಲಕ್ಕೆ ಚೆಲ್ಲಿದರೆ ಹೊಟ್ಟೆಯಲ್ಲಿ ಹುಳಿಯೇರುತ್ತದೆ, ಮೆಲುಕು ನಿಲ್ಲುತ್ತದೆ. ಬೆದೆಯ ಲಕ್ಷಣಗಳು ಮಸುಕಾಗುತ್ತವೆ, ಗಬ್ಬ ನಿಲ್ಲುವುದು ಕಡಮೆಯಾಗುತ್ತದೆ. ಹಾಲು ಇಳಿದುದನ್ನು ಅದೇ ದಿನ ಅಳೆದು ನೋಡಬಹುದು. ಗಬ್ಬ ತಪ್ಪಿದುದರ ನಷ್ಟ ರೈತನಿಗೆ ತಿಳಿಯುವುದು ಬಹು ತಿಂಗಳುಗಳ ಮೇಲೆ.

ನಮ್ಮ ದೇಶದ ಹಸುಗಳಿಗೆ ಪ್ರಕೃತಿಯು ಈ ವಿಷಯದಲ್ಲಿ ಹೆಚ್ಚಿನ ಅನುಕೂಲವನ್ನು ಕೊಟ್ಟಿತ್ತು. ಹಿಣಿಲುಳ್ಳ ತಳಿಗಳ ಸಡಿಲವಾದ ಚರ್ಮ, ಜೋಲುವ ಗಂಗೆದೊಗಲು, ನುಣುಪಾದ ಗಿಡ್ಡ ಕೂದಲು, ಹೆಚ್ಚಿನ ಬೆವರುಗ್ರಂಥಿಗಳು, ನಿಧಾನವಾಗಿ ನಡೆಯುವ ದೇಹವ್ಯಾಪಾರ, ಇವೆಲ್ಲವೂ ತಾಪವನ್ನು ತಾಳಲು ಸಹಾಯಕ. ಕೇರಳದ ವೆಚ್ಚೂರ್ ಹಸುವಂತೂ ಕೇವಲ ಮೂರಡಿಯಷ್ಟು ಎತ್ತರದ ಪ್ರಾಣಿ. ವೈಕಂ ಸಮೀಪದ ವೆಚ್ಚೂರಿನದು. ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಸಣ್ಣ ಪ್ರಾಣಿಗೆ ಹೆಚ್ಚು, ಆದುದರಿಂದ ಬಿಸಿ ಬೇಗ ಹೊರಹೋಗುತ್ತದೆ. ಕನ್ನಡಿಗರಿಗೆ ಹತ್ತಿರದ ಕಾಸರಗೋಡು ಗಿಡ್ಡವೂ ನಮ್ಮ ಮಲೆನಾಡ ಗಿಡ್ಡವೂ ಇದೇ ಮಾದರಿಯವು.

ಇಂಥ ಹಸುಗಳಿದ್ದ ನಾಡಿನಲ್ಲಿ ಇಂದು ಕಾಣುವುದು ಬೇರೆ ಚಿತ್ರ. ಹಾಲಿನ ತೀವ್ರ ಕೊರತೆಯಿದ್ದ ಕಾಲದಲ್ಲಿ, 1961ರಲ್ಲಿ, ಕೇರಳವು ಜಾನುವಾರು ಅಭಿವೃದ್ಧಿ ಕಾಯಿದೆಯನ್ನು ತಂದಿತು. ಪರವಾನಗಿಯಿಲ್ಲದ ಹೋರಿಯನ್ನು ಬೀಜ ಒಡೆಯದೆ ಇಟ್ಟುಕೊಳ್ಳುವಂತಿರಲಿಲ್ಲ. 1963ರಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದೊಡನೆ ಮೂನ್ನಾರಿನ ಬಳಿಯ ಮಾಟ್ಟುಪೆಟ್ಟಿಯಲ್ಲಿ ಇಂಡೋ-ಸ್ವಿಸ್ ಯೋಜನೆ ಆರಂಭವಾಯಿತು. ಬ್ರೌನ್ ಸ್ವಿಸ್ ಹೋರಿಗಳೊಡನೆ ನಾಡಹಸುಗಳ ಸಂಕರದಿಂದ ‘ಸುನಂದಿನಿ’ ತಳಿ ಮೂಡಿತು. ಮುಂದೆ 1976ರಲ್ಲಿ ಈ ಕಾರ್ಯವು ತಿರುವನಂತಪುರದಲ್ಲಿ ಕೇಂದ್ರಕಚೇರಿಯುಳ್ಳ ಕೇರಳ ಜಾನುವಾರು ಅಭಿವೃದ್ಧಿ ಮಂಡಲಿಯ ಕೈಸೇರಿತು. ಫಲಿತಾಂಶ ಅಸಾಮಾನ್ಯವೇ ಸರಿ. ರಾಜ್ಯದಲ್ಲಿರುವ ಸುಮಾರು 13 ಲಕ್ಷ ದನಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂದು ಮಿಶ್ರತಳಿಯವು. ಆದರೆ ಇದೇ ಅವಧಿಯಲ್ಲಿ ವೆಚ್ಚೂರ್ ಹಸುವು ಅಳಿವಿನ ಅಂಚಿಗೆ ಬಂದಿತು. ಅದನ್ನು ಊರೂರು ಅಲೆದು ಹುಡುಕಿ, 1989ರಿಂದ ತೃಶ್ಶೂರಿನ ಮಣ್ಣುತ್ತಿಯಲ್ಲಿ ಸಂರಕ್ಷಿಸಿದವರು ಡಾ. ಶೋಶಮ್ಮ ಐಪ್ ಹಾಗೂ ಅವರ ವಿದ್ಯಾರ್ಥಿಗಳು. ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆತುದು ತಡವಾಗಿಯಾದರೂ ಯೋಗ್ಯವಾದ ಮನ್ನಣೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವಿದೇಶೀ ತಳಿ ಬಂದುದೇ ಕೆಡುಕಿಗೆ ಮೂಲ, ನಾಡಹಸುವಿಗೆ ಹಿಂದಿರುಗಿದರೆ ಎಲ್ಲವೂ ಸರಿಹೋಗುವುದು ಎಂಬ ಮಾತು ಸಭೆ ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸಬಹುದು. ಕೊಚ್ಚಿಯಂಥ ಮಹಾನಗರಕ್ಕೆ ಹಾಲು ಕೊಡಲಾರದು. ಎರಡು ಮೂರು ಲೀಟರ್ ಕೊಡುವ ವೆಚ್ಚೂರ್ ಹಸುವು ಮನೆಬಳಕೆಗೆ ಬಹಳ ಒಳ್ಳೆಯದು, ಸಂಸಾರ ನಡೆಸಲು ಸಾಲದು. ಸುನಂದಿನಿಯಿಂದಾಗಿ ಎಷ್ಟೋ ಬಡ ಕುಟುಂಬಗಳ ಮಕ್ಕಳು ಶಾಲೆ ಕಲಿತರೆಂಬುದನ್ನು ಮರೆಯುವುದು ಕೃತಘ್ನತೆ. ತಪ್ಪು ಆದುದು ಬೇರೆಡೆ. ತಣ್ಣನೆಯ ನಾಡಿನ ರಕ್ತವುಳ್ಳ ಹಸುವನ್ನು ಕೊಟ್ಟವರು ಅದಕ್ಕೆ ತಕ್ಕ ನೆರಳನ್ನು ಕೊಡುವ ಹೊಣೆಯನ್ನು ರೈತನ ತಲೆಗೇ ಹೊರಿಸಿದರು. ಹೋರಿಯ ವೀರ್ಯಕ್ಕೆ ಸಹಾಯಧನ, ಹಿಂಡಿಗೆ ಸಹಾಯಧನ. ಕೊಟ್ಟಿಗೆಯ ಮಾಡಿಗೆ ಬಂದಾಗ ಮಾತ್ರ ಕೈ ಬಿಗಿ. ಮಾಟ್ಟುಪೆಟ್ಟಿಯು ಸಹ್ಯಾದ್ರಿಯ ಎತ್ತರದಲ್ಲಿರುವ ತಂಪಾದ ಸ್ಥಳ. ಅಲ್ಲಿ ರೂಪುಗೊಂಡ ತಳಿಯ ಸಂತತಿಯು ಆಲಪ್ಪುಳದ ಮರಳಿನಲ್ಲೂ ಪಾಲಕ್ಕಾಡಿನ ಬಿಸಿಗಾಳಿಯಲ್ಲೂ ಬದುಕಬೇಕಾಯಿತು.

ಬೇಸಗೆಗಳು ಹಳೆಯ ಹದದಲ್ಲಿ ಉಳಿದಿದ್ದರೆ ಈ ಕೊರತೆ ಹೇಗೋ ಸಾಗುತ್ತಿತ್ತೇನೋ. 2024ರ ಬೇಸಗೆಯು ಅದನ್ನು ಬಯಲಿಗೆಳೆಯಿತು. ಆ ಏಪ್ರಿಲ್‌ನಲ್ಲಿ ಪಾಲಕ್ಕಾಡಿನಲ್ಲಿ ಉಷ್ಣಮಾನವು 41 ಡಿಗ್ರಿಯನ್ನು ದಾಟಿ, ಹವಾಮಾನ ಇಲಾಖೆಯು ಬಿಸಿಗಾಳಿಯ ಘೋಷಣೆ ಮಾಡಬೇಕಾಯಿತು. ರಾಜ್ಯದಲ್ಲಿ ಸುಮಾರು ಐದುನೂರು ಕರೆಯುವ ಹಸುಗಳು ತಾಪದಿಂದ ಸತ್ತವೆಂದು ಪಶುಸಂಗೋಪನಾ ಸಚಿವೆಯೇ ಮೇ ತಿಂಗಳಲ್ಲಿ ತಿಳಿಸಿದರು. ಲಕ್ಷಗಳ ನಡುವೆ ಐದುನೂರು ಯಾವ ಲೆಕ್ಕ ಎನ್ನುವವರಿಗೆ ಒಂದು ಮಾತು: ಕೇರಳದಲ್ಲಿ ಹಸು ಸಾಕುವವರಲ್ಲಿ ಬಹುಪಾಲು ಒಂದೆರಡು ಹಸುಗಳ ಒಡೆಯರು, ದುಡಿಯುವ ಕೈಗಳು ಹೆಚ್ಚಾಗಿ ಹೆಂಗಸರವು. ಒಂದು ಹಸು ಬಿದ್ದರೆ ಆ ಮನೆಯ ಅರ್ಧ ಆದಾಯವೋ ಪೂರ್ತಿ ಆದಾಯವೋ ಬೀಳುತ್ತದೆ. ಸಾಯದೆ ಉಳಿದು ಹಾಲನ್ನು ಇಳಿಸಿದ, ಗಬ್ಬ ನಿಲ್ಲದ ಹಸುಗಳ ನಷ್ಟ ಈ ಅಂಕೆಯಲ್ಲಿ ಸೇರಿಲ್ಲ.

ಸರಕಾರದ ಅಳತೆಗೋಲಿನಲ್ಲಿಯೂ ಒಂದು ಲೋಪವಿದೆ. ಹವಾಮಾನ ಇಲಾಖೆಯ ನಿಯಮದಂತೆ ಕರಾವಳಿಯಲ್ಲಿ ಉಷ್ಣಮಾನವು 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಬಹಳಷ್ಟು ಮೇಲೇರಿದರೆ ಬಿಸಿಗಾಳಿಯ ವಿಚಾರ ಬರುತ್ತದೆ. ಮನುಷ್ಯರಿಗೆ ಇದು ಸರಿಯಿರಬಹುದು. 34 ಡಿಗ್ರಿಯ ತೇವಭರಿತ ದಿನಗಳು ಹತ್ತಾರು ಸಾಲಾಗಿ ಬಂದರೆ ಯಾವ ಘೋಷಣೆಯೂ ಆಗದು. ಕೊಟ್ಟಿಗೆಯಲ್ಲಿ ಹಸು ಏದುತ್ತಲೇ ಇರುತ್ತದೆ. ಮಿಲ್ಮಾದ ಪ್ರಾದೇಶಿಕ ಒಕ್ಕೂಟಗಳು ಈಚಿನ ವರ್ಷಗಳಲ್ಲಿ ಉಷ್ಣಮಾನವನ್ನೇ ಆಧಾರವಾಗಿಟ್ಟ ವಿಮೆಯನ್ನು ತಂದಿರುವುದು ಶ್ಲಾಘನೀಯ. ಹಸು ಸಾಯಲೇಬೇಕೆಂದಿಲ್ಲ, ನಿಗದಿತ ಮಿತಿಯನ್ನು ಮೀರಿ ಬಿಸಿ ಹಲವು ದಿನ ಮುಂದುವರಿದರೆ ರೈತನಿಗೆ ಪರಿಹಾರ ಸಲ್ಲುತ್ತದೆ. ಈ ಲೆಕ್ಕದಲ್ಲಿ ಬಿಸಿಯೊಡನೆ ತೇವಾಂಶವನ್ನೂ ಸೇರಿಸಿಕೊಂಡರೆ ಅದು ಕರಾವಳಿಗೆ ನ್ಯಾಯವಾಗುವುದು.

ತಿರುವನಂತಪುರದ ಮೃಗಾಲಯದಲ್ಲಿ ಪ್ರತಿ ಬೇಸಗೆಯಲ್ಲಿಯೂ ಪ್ರಾಣಿಗಳಿಗೆ ತುಂತುರು ನೀರು, ಹಿಮದಲ್ಲಿ ಹುದುಗಿಸಿದ ಹಣ್ಣು ಮುಂತಾದ ಉಪಚಾರ ನಡೆಯುತ್ತದೆ. ಕರಡಿಯು ಹಿಮಗಡ್ಡೆಯನ್ನು ನೆಕ್ಕುವ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಜನ ಮೆಚ್ಚುತ್ತಾರೆ. 2019ರಲ್ಲಿ ಶಾಲಾಮಕ್ಕಳು ನೀರು ಕುಡಿಯಲೆಂದು ಕೇರಳದಲ್ಲಿ ಗಂಟೆ ಬಾರಿಸುವ ಪದ್ಧತಿ ಬಂದಿತು. ಕರ್ನಾಟಕವೂ ಅದನ್ನು ಅನುಸರಿಸಿತು. ಎರಡೂ ಸಂತೋಷದ ಸಂಗತಿಗಳೇ. ಬಾಯಾರಿದ ಹಸುವಿನ ಮುಂದಿನ ಒಣ ಬಾನಿಗೆ ಮಾತ್ರ ಗಂಟೆಯೂ ಇಲ್ಲ, ಛಾಯಾಚಿತ್ರಗಾರನೂ ಇಲ್ಲ.

ಪರಿಹಾರಗಳು ದುಬಾರಿಯೇ ಎಂದರೆ, ಎಲ್ಲವೂ ಅಲ್ಲ. ಬೆಳಗ್ಗೆ ಹನ್ನೊಂದರಿಂದ ಮೂರರವರೆಗೆ ಹಸುವನ್ನು ಬಯಲಿನಲ್ಲಿ ಕಟ್ಟಬಾರದೆಂದು ಪಶುಸಂಗೋಪನಾ ಇಲಾಖೆ ವರ್ಷವರ್ಷವೂ ಸಾರುತ್ತದೆ. ಸರಿ, ಕೊಟ್ಟಿಗೆಗೆ ತಂದು ಕಟ್ಟಿದರೆ? ಅಲ್ಲಿ ಮಾಡು ತಗಡಿನದು, ಎತ್ತರ ಆರೇಳು ಅಡಿ, ಮೂರು ಕಡೆ ಗೋಡೆ. ಕಾದ ತಗಡು ಬೆನ್ನಿನ ಮೇಲೆ ಇನ್ನೊಂದು ಸೂರ್ಯನಂತೆ ಬಿಸಿಯನ್ನು ಸುರಿಯುತ್ತದೆ. ಹಿಂದಿನವರ ಹುಲ್ಲಿನ ಮಾಡು, ಮಡಲಿನ ಮಾಡು ವರ್ಷಕ್ಕೊಮ್ಮೆ ಹೊದೆಸಬೇಕಾದ ಕಷ್ಟದ್ದು ನಿಜ. ಅದರ ಅಡಿಯ ತಂಪು ಬೇರೆಯೇ. ತಗಡನ್ನು ಕಿತ್ತೊಗೆಯಬೇಕಾಗಿಲ್ಲ. ಅದರ ಮೇಲೆ ಹೆಣೆದ ತೆಂಗಿನ ಗರಿಯನ್ನು ಹರಡಬಹುದು, ಸುಣ್ಣ ಬಳಿಯಬಹುದು, ಬಳ್ಳಿ ಹಬ್ಬಿಸಬಹುದು. ಗಾಳಿ ಹಾಯುವಂತೆ ಒಂದು ಗೋಡೆಯನ್ನು ಎದೆಮಟ್ಟಕ್ಕೆ ಇಳಿಸುವುದು ಇನ್ನೂ ಉತ್ತಮ.

ಮೈ ತಂಪು ಮಾಡುವ ಕ್ರಮದಲ್ಲಿಯೂ ಕರಾವಳಿಗೆ ಬೇರೆ ನಿಯಮ. ಒಣಸೀಮೆಯಲ್ಲಿ ಹಿತವಾಗುವ ಮಂಜಿನಂಥ ಸೂಕ್ಷ್ಮ ತುಂತುರು ಇಲ್ಲಿ ಕೊಟ್ಟಿಗೆಯ ಗಾಳಿಯನ್ನು ಇನ್ನಷ್ಟು ತೇವ ಮಾಡಿ ಅಪಾಯವನ್ನೇ ತರಬಹುದು. ದಪ್ಪ ಹನಿಯ ನೀರಿನಿಂದ ಹಸುವಿನ ಮೈಯನ್ನು ಚರ್ಮದವರೆಗೂ ತೋಯಿಸಿ, ಒಡನೆಯೇ ಬೀಸಣಿಗೆಯ ಗಾಳಿ ತಾಗಿಸಬೇಕು. ಆರಿದ ಮೇಲೆ ಮತ್ತೆ ತೋಯಿಸಬೇಕು. ಗಾಳಿಯಿಲ್ಲದೆ ಒದ್ದೆ ಗೋಣಿತಾಟನ್ನು ಬೆನ್ನಿಗೆ ಹೊದೆಸಿಟ್ಟರೆ ಅದು ಕಂಬಳಿಯಂತಾಗುವುದುಂಟು. ಮೇವು ತಿಂದ ಕೆಲವು ಗಂಟೆಗಳ ಮೇಲೆ ಹೊಟ್ಟೆಯ ಶಾಖ ಹೆಚ್ಚುವುದರಿಂದ ದೊಡ್ಡ ಮೇವನ್ನು ನಸುಕಿನಲ್ಲೂ ಸಂಜೆ ತಂಪಾದ ಮೇಲೂ ಹಾಕುವುದು ಲೇಸು. ಮಧ್ಯಾಹ್ನಕ್ಕೆ ಹಸಿ ಹುಲ್ಲು ಸಾಕು. ನೀರು ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಮುಂದಿರಬೇಕು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಅಲ್ಲವೇ? ಕರೆಯುವ ಮಿಶ್ರತಳಿಯ ಹಸು ಬೇಸಗೆಯಲ್ಲಿ ದಿನಕ್ಕೆ ನೂರು ಲೀಟರಿನವರೆಗೂ ಕುಡಿಯಬಲ್ಲುದು. ದಿನಕ್ಕೆರಡು ಬಾರಿ ಕಲಗಚ್ಚು ಕುಡಿಸಿ ಕೈ ತೊಳೆದುಕೊಳ್ಳುವ ಪದ್ಧತಿ ಅದಕ್ಕೆ ಸಾಲದು. ಹಸುವು ಬಾಯಿ ತೆರೆದು ಏದುತ್ತ ತತ್ತರಿಸಿದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶುಚಿಕಿತ್ಸೆಗಾಗಿ 1962 ಎಂಬ ದೂರವಾಣಿ ಸಂಖ್ಯೆಯಿದೆ.

ಹಾಲು ಕೊಳ್ಳುವ ಗೃಹಿಣಿಯರೂ ಒಂದು ವಿಷಯವನ್ನು ಗಮನಿಸಬೇಕು. ಬೇಸಗೆಯಲ್ಲಿ ಮನೆಗೆ ನೇರವಾಗಿ ತರುವ ಹಾಲು ತೆಳ್ಳಗಾಯಿತೆಂದು ಕರೆಯುವವಳ ಮೇಲೆ ನೀರು ಬೆರೆಸಿದ ಗುಮಾನಿ ಪಡುವುದುಂಟು. ತಾಪಪೀಡಿತ ಹಸುವಿನ ಹಾಲಿನಲ್ಲಿ ಕೊಬ್ಬೂ ಉಳಿದ ಘನಾಂಶವೂ ತಾವಾಗಿಯೇ ಇಳಿಯುತ್ತವೆ. ಆ ಬಡಹೆಂಗಸು ಸೊಸೈಟಿಯಲ್ಲಿ ಘನಾಂಶದ ಲೆಕ್ಕದ ಮೇಲೆ ಈಗಾಗಲೇ ಕಡಮೆ ಬೆಲೆ ಪಡೆದಿರುತ್ತಾಳೆ. ಗಿರಾಕಿಯ ನಿಂದೆಯೂ ಸೇರಿದರೆ ಎರಡು ಪೆಟ್ಟು. ಆರೋಗ್ಯದ ದೃಷ್ಟಿಯಿಂದ ನೋಡಬೇಕಾದುದು ಬೇರೆ. ಈ ಸೆಕೆಯಲ್ಲಿ ಹಸಿ ಹಾಲು ಬೇಗನೆ ಕೆಡುತ್ತದೆ, ಆದುದರಿಂದ ಬಂದ ಕೂಡಲೇ ಕಾಯಿಸಬೇಕು, ಕಾಯಿಸದ ಹಾಲನ್ನು ಮಕ್ಕಳಿಗೆ ಕೊಡಲೇಬಾರದು.

ಈ ವಿಷಯದಲ್ಲಿ ಕನ್ನಡಿಗರಿಗೇನು ಸಂಬಂಧವೆಂದು ಕೇಳುವವರಿರಬಹುದು. 2023ರಲ್ಲಿ ನಮ್ಮ ನಂದಿನಿಯು ಕೇರಳದಲ್ಲಿ ಮಳಿಗೆಗಳನ್ನು ತೆರೆದಾಗ ಮಿಲ್ಮಾ ಆಕ್ಷೇಪಿಸಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಅಮೂಲಿನ ವಿರುದ್ಧ ನಂದಿನಿಯ ಪರ ಕೂಗೆದ್ದಿತ್ತು. ಕೊಚ್ಚಿಯ ಕನ್ನಡಿಗರ ಮನೆಗಳಲ್ಲಿ ಯಾವ ಪೊಟ್ಟಣ ಕೊಳ್ಳುವುದೆಂಬುದೇ ಅಭಿಮಾನದ ಪ್ರಶ್ನೆಯಾಯಿತು. ಪೊಟ್ಟಣಗಳ ಈ ಜಗಳದಲ್ಲಿ ಎರಡು ರಾಜ್ಯಗಳ ಹಸುಗಳ ಸ್ಥಿತಿಯ ಕುರಿತು ಒಂದು ಮಾತೂ ಬರಲಿಲ್ಲ. ಕೋಲಾರದಲ್ಲಾಗಲಿ ಮಂಡ್ಯದಲ್ಲಾಗಲಿ ನಂದಿನಿಗೆ ಹಾಲೆರೆಯುವುದು ಬಹುಮಟ್ಟಿಗೆ ಹಾಲ್‌ಸ್ಟೀನ್ ಮಿಶ್ರತಳಿಯೇ. ಕೇರಳ ನಡೆದ ದಾರಿಯಲ್ಲಿಯೇ ಕರ್ನಾಟಕವೂ ನಡೆದಿದೆ. ದಕ್ಷಿಣ ಕನ್ನಡ, ಉಡುಪಿಗಳ ಧಗೆಗೂ ಕೊಚ್ಚಿಯ ಧಗೆಗೂ ಹೆಚ್ಚು ಅಂತರವಿಲ್ಲ. ನೆರಳಿನ ವಿಚಾರದಲ್ಲಿ ನಮ್ಮವರಿಗೆ ಪರಂಪರೆಯ ಜ್ಞಾನವಿರಲಿಲ್ಲವೆಂದೂ ಹೇಳುವಂತಿಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಇಲಾಖೆಯು ತನ್ನ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿತ್ತು. ಬೇಸಗೆಯ ಕಾವಲುಗಳು ಹೆಚ್ಚಾಗಿ ಕೆರೆಯಂಗಳದವು. ಹಸುರು ಹುಲ್ಲೂ ಮರಗಳ ನೆರಳೂ ಅಲ್ಲಿ ದೊರೆಯುತ್ತಿದ್ದುದರಿಂದ ಅವುಗಳಿಗೇ ಹೆಚ್ಚಿನ ಬೆಲೆ. ಹಸುವನ್ನು ತಂಪಿದ್ದಲ್ಲಿಗೆ ಕರೆದೊಯ್ಯುವ ಆ ಪದ್ಧತಿ ಕಾವಲುಗಳೊಡನೆಯೇ ಕರಗಿತು. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆಗಳು ಕಳೆದ ದಶಕಗಳಲ್ಲಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿದುವು.

ನಗರದ ಗಿರಾಕಿಯಿಂದ ಆಗಬೇಕಾದುದೂ ಇದೆ. 2022ರ ಡಿಸೆಂಬರಿನಲ್ಲಿ ಮಿಲ್ಮಾ ಲೀಟರಿಗೆ 6 ರೂಪಾಯಿ ಏರಿಸಿತು. 2025ರ ಏಪ್ರಿಲ್ ಒಂದರಿಂದ ನಂದಿನಿಯೂ 4 ರೂಪಾಯಿ ಹೆಚ್ಚಿಸಿತು. ಎರಡು ಸಲವೂ ಗಿರಾಕಿಗಳು ಗೊಣಗಿದರು, ಕೊಂಡರು. ಇನ್ನು ಮುಂದಿನ ಏರಿಕೆಯ ಸಂದರ್ಭದಲ್ಲಿ ಲೀಟರಿಗೆ ಹತ್ತು ಪೈಸೆಯನ್ನಾದರೂ ನೆರಳಿನ ನಿಧಿಯೆಂದು ಬೇರ್ಪಡಿಸಿ ಹಳ್ಳಿಯ ಸೊಸೈಟಿಗಳ ಕೈಗೆ ಕೊಡುವಂತೆ ಕೇಳುವ ಹಕ್ಕು ಹಾಲು ಕೊಳ್ಳುವವರಿಗುಂಟು. ಸತ್ತ ಹಸುವಿಗೆ ಪರಿಹಾರ ಕೊಡುವುದಕ್ಕಿಂತ ಇದು ಅಗ್ಗ. ಆದರೆ ಆ ಹಣ ಏಪ್ರಿಲ್‌ನಲ್ಲಿ ಮಂಜೂರಾಗಿ ಮಳೆಗಾಲದಲ್ಲಿ ಕೈಸೇರಿದರೆ ಪ್ರಯೋಜನವಿಲ್ಲ. ಜನವರಿ ಮುಗಿಯುವುದರೊಳಗಾಗಿ ತಗಡಿನ ಮೇಲೆ ಗರಿ ಹೊದೆಸಿ, ಬಾನಿಗೆ ನಲ್ಲಿ ಎಳೆದು, ಬೀಸಣಿಗೆಯನ್ನು ತೂಗುಹಾಕಿ ಆಗಿರಬೇಕು.